ಗಂಜಿ ಕುಡಿದ ನೂಲು

ಮೊನ್ನೆ ಸೊಸೆ ಹುಣಸೆಬೀಜ ಹುರಿದು, ಕುಟ್ಟಿ, ಒಲೆಯ ಮೇಲೆ ಬೇಯಲು ಇಟ್ಟಿದ್ದಳು. ಮೊಮ್ಮಗಳ ಪುಸ್ತಕಗಳಿಗೆ ರಟ್ಟು ಅಂಟಿಸಬೇಕಂತೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೊಪ್ಪು ಬಿಡಿಸುತ್ತಿದ್ದ ನನ್ನ ಕೈ ನಿಂತುಹೋಯಿತು. ಸುಟ್ಟ ಸಿಪ್ಪೆಯ ಒಗರು, ಅದರ ಹಿಂದೆಯೇ ಹಸಿ ಉಣ್ಣೆಯ ನಾತ… ಈ ಮನೆಗೆ ಉಣ್ಣೆ ಎಲ್ಲಿಂದ ಬರಬೇಕು, ನನ್ನ ತಲೆ! ಆದರೂ ಬಂತು. ಜೊತೆಗೆ ಮಗ್ಗದ ಮಾವನೂ ಬಂದರು.

ಮಧುಗಿರಿಯಲ್ಲಿ ನಾನು ಸೊಸೆಯಾಗಿ ಸೇರಿದ ಮನೆಯ ಪಕ್ಕದಲ್ಲೇ ಅವರ ಕಂಬಳಿ ಮಗ್ಗಗಳಿದ್ದವು. ರಕ್ತಸಂಬಂಧವೇನೂ ಇಲ್ಲ, ಬೀದಿಯ ವಾಡಿಕೆಗೆ ಮಾವ. ಎಂಟು ಮಗ್ಗ, ಎಂಟು ಜನ ನೇಯುವವರು. ನೂಲಿಗೆ ಬಳಿಯುವ ಹುಣಸೆಬೀಜದ ಗಂಜಿ ಬೇಯಿಸುವುದು ನನ್ನ ಪಾಲಿನ ಕೆಲಸ. ಗಂಜಿ ಗಂಟು ಕಟ್ಟಿದ ದಿನ ಮಾವನ ಬಾಯಿಗೆ ಸಿಕ್ಕಿದರೆ ಮುಗಿಯಿತು, ಏಳು ತಲೆಮಾರು ನೆನಪಾಗುವಂತೆ ಬೈಯುತ್ತಿದ್ದರು. ಸಂಜೆಗೆ ತಾವೇ ಕರೆದು ಬೆಲ್ಲದ ಚೂರು ಕೊಡುತ್ತಿದ್ದರು.

ಬಡವನಹಳ್ಳಿ ಸಂತೆಯಲ್ಲಿ ಅವರದೊಂದು ಪದ್ಧತಿಯಿತ್ತು. ಕೊಳ್ಳುವವರ ಕಡೆಯ ನಾಲ್ವರು ಕಂಬಳಿಯ ನಾಲ್ಕು ಮೂಲೆ ಹಿಡಿಯಬೇಕು. ಮಾವ ಒಂದು ಚೊಂಬು ನೀರನ್ನು ಅದರ ನಡುವೆ ಸುರಿದು, ತಾವೇ ಅದರ ಕೆಳಗೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಅಗಿದು ಮುಗಿಸುವವರೆಗೆ ತಲೆಯ ಮೇಲೆ ಒಂದು ಹನಿಯೂ ಬೀಳಬಾರದು. ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಮಳೆಯಲ್ಲಿ ಕುರಿ ಕಾಯುವ ಕಳ್ಳಂಬೆಳ್ಳದ ಕಡೆಯವರು ಬೇರೆಯವರ ಕಂಬಳಿಯನ್ನು ಮುಟ್ಟುತ್ತಲೂ ಇರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಒಂದು ವಿಲಾಯಿತಿ ಕಂಪನಿ ಬಂದು ಊರಾಚೆ ಉಣ್ಣೆಯ ಕಾರ್ಖಾನೆ ಹಾಕಿತು. ದುಡ್ಡೂ ಅವರದೇ, ಯಂತ್ರವೂ ಅವರದೇ, ಸಿಪಾಯಿಗಳಿಗೆ ಹೊದಿಕೆ ಮಾಡುವ ಕೆಲಸ. ಅವರನ್ನು ನೋಡಿ ನಮ್ಮ ಮಗ್ಗಗಳೂ ಚುರುಕಾಗುತ್ತವೆ ಎಂದು ಊರೆಲ್ಲ ಹೇಳಿತು. ಎಲ್ಲರಿಗಿಂತ ಹೆಚ್ಚು ನಂಬಿದವರು ಮಾವ. ತಮ್ಮ ಕೈಕೆಳಗಿನ ಒಳ್ಳೆಯ ನೇಕಾರನನ್ನು, ಸ್ವಂತ ತಮ್ಮನ ಮಗನನ್ನು, ತಾಂಬೂಲ ಕೊಟ್ಟು ಅಲ್ಲಿಗೆ ಕಳಿಸಿದರು.

"ಓಗಿ ಕಲ್ತ್ಕೊಂಡು ಬಂದ್ಬುಡ್ಲಾ. ನಮ್ಮ ಮಗ್ಗಾನೂ ಓಡ್ಲಿ."

ಆರು ತಿಂಗಳ ಮೇಲೆ ಅವನು ಹೊಸ ಅಂಗಿ ತೊಟ್ಟು ಬಂದ. ಮಾವ ಚಾಪೆ ಹಾಸಿ ಕೂರಿಸಿಕೊಂಡು, ಏನು ಕಲಿತೆ ಎಂದು ಆಸೆಯಿಂದ ಕೇಳಿದರು. ಅವನು ತಲೆ ತಗ್ಗಿಸಿದ.

"ಏನ್ ಏಳ್ಕೊಡ್ಲಿ ದೊಡ್ಡಪ್ಪ? ಒಂದು ಕೀಲು ಎಳೀತೀನಿ, ಬುಡ್ತೀನಿ. ಅದ್ರಿಂದ ಮುಂದ್ಕೆ ಏನಾಯ್ತದೆ ಅಂತ ನಂಗೇ ಗೊತ್ತಿಲ್ಲ."

ಅವನು ಮತ್ತೆ ನಮ್ಮ ಮಗ್ಗಕ್ಕೆ ಕೂರಲಿಲ್ಲ. ಅವನ ಹಿಂದೆ ಇನ್ನೂ ನಾಲ್ವರು ಹೋದರು. ವಾರವಾರ ಕೂಲಿ ಕೈಗೆ ಬೀಳುವಾಗ ಯಾರನ್ನು ಬೈಯುವುದು? ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಕಂಪನಿ ಉಣ್ಣೆಗೂ ಬಂತು. ಕಳ್ಳಂಬೆಳ್ಳದ ಉಣ್ಣೆಯೆಲ್ಲ ಕುರಿಹಟ್ಟಿಯಿಂದಲೇ ಅವರ ಗಾಡಿ ಹತ್ತತೊಡಗಿತು. ಎಂಟು ಮಗ್ಗದಲ್ಲಿ ಮೂರು ಉಳಿದವು, ಆ ಮೂರಕ್ಕೂ ನೂಲಿಲ್ಲ.

ಆಗ ಮಾವ ಕಂಪನಿಯ ಮಿಲ್ ನೂಲನ್ನೇ ಕೊಂಡು ತಂದರು. ಹಾಲಿನಂತೆ ಸ್ವಚ್ಛ ನೂಲು. ಹಿಂಜುವುದು ಬೇಡ, ಹೊಸೆಯುವುದು ಬೇಡ. ಮೂರು ಮಗ್ಗ ಎಂಟರ ಕೆಲಸ ಮಾಡತೊಡಗಿದವು. ಮಾವ ಮದುವಣಿಗನ ಹಾಗೆ ಓಡಾಡುತ್ತಿದ್ದರು. ಆದರೆ ನನ್ನ ಕೈಗೆ ಬೇರೆಯೇ ಸುದ್ದಿ ತಿಳಿಯಿತು. ಆ ನೂಲಿನಲ್ಲಿ ನೀರು ತಡೆಯುವ ಕುರಿಯ ಜಿಡ್ಡಿರಲಿಲ್ಲ, ಸೋಡಾದಲ್ಲಿ ಕುದಿಸಿ ತೊಳೆದುಬಿಟ್ಟಿದ್ದರು. ಒಂದು ಮಡಕೆ ಗಂಜಿ ಸಾಕಾಗುತ್ತಿದ್ದ ಕಡೆ ಮೂರು ಮಡಕೆ ಹೀರಿಕೊಳ್ಳುತ್ತಿತ್ತು.

"ಮಾವ, ಈ ನೂಲು ಇಂಗೆ ಗಂಜಿ ಕುಡೀತೈತಲ್ಲ, ನೀರನ್ನ ಕುಡೀದೆ ಬುಟ್ಟೀತಾ?" ಎಂದೆ.

"ಮಿಲ್ಲಿಂದು ಕಣಮ್ಮ, ಹೊಟ್ಟೆ ದೊಡ್ಡದು!" ಎಂದು ನಕ್ಕರು.

ನಾನೂ ನಕ್ಕೆ. ಎರಡನೆಯ ಸಲ ಹೇಳಲಿಲ್ಲ. ಮೊದಲ ಕಂಬಳಿ ಮಗ್ಗದಿಂದ ಇಳಿದಾಗ ಹಿತ್ತಲಲ್ಲಿ ಹಿಡಿದು ಒಂದು ಚೊಂಬು ನೀರು ಸುರಿದು ನೋಡಬಹುದಿತ್ತು. ನೋಡಲಿಲ್ಲ. ಎಷ್ಟೋ ದಿನದ ಮೇಲೆ ಮಗ್ಗ ಸದ್ದು ಮಾಡುತ್ತಿತ್ತು, ಅದನ್ನು ನಿಲ್ಲಿಸುವ ಬಾಯಿ ನನಗೆ ಬರಲಿಲ್ಲ…

ಸಂತೆಗೆ ನಾನೂ ಹೋಗಿದ್ದೆ. ಕುರುಬರು ನಾಲ್ಕು ಮೂಲೆ ಹಿಡಿದರು. ಪರೀಕ್ಷೆ ಇಲ್ಲದೆಯೂ ಅವರು ಕೊಳ್ಳುತ್ತಿದ್ದರೇನೋ, ಅಷ್ಟು ನಂಬಿಕೆ. ಮಾವ ಬಿಡುತ್ತಾರೆಯೇ? ನೀರು ಸುರಿದು ಕೆಳಗೆ ಕೂತರು. ಅಡಿಕೆ ಬಾಯಿಗೆ ಹಾಕಿ, ಎಲೆಗೆ ಸುಣ್ಣ ಸವರುತ್ತಿದ್ದರು. ಮೊದಲ ಹನಿ ಅವರ ಬೋಳುತಲೆಯ ಮೇಲೆ ಬಿತ್ತು. ಆಮೇಲೆ ಎರಡು, ಆಮೇಲೆ ಧಾರೆ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಹಿಡಿದವರು ಮೆಲ್ಲಗೆ ಮೂಲೆ ಇಳಿಸಿ, ಒಬ್ಬೊಬ್ಬರಾಗಿ ಹೊರಟುಹೋದರು. ಮಾವ ಮಾತ್ರ ಎಲೆಯನ್ನು ಕೈಯಲ್ಲೇ ಹಿಡಿದು ಕೂತಿದ್ದರು.

ನೆನೆದ ಕಂಬಳಿಯನ್ನು ನಾನು ಹೊತ್ತುಕೊಂಡೆ, ಮಾವ ಮುಂದೆ ನಡೆದರು. ಊರು ಹತ್ತಿರವಾದಾಗ ತಿರುಗಿ ನೋಡಿ ಹೇಳಿದರು:

"ನಿನ್ನ ಗಂಜೀದು ಏನೂ ತಪ್ಪಿಲ್ಲ ಕಣಮ್ಮ. ಮನಸಿಗೆ ಅಚ್ಕೋಬ್ಯಾಡ."

ನನಗೆ ಗೊತ್ತಿತ್ತು ಮಾವ, ಎನ್ನಬೇಕಿತ್ತು. ಅಯ್ಯೋ, ಎಂಥ ಹೇಡಿ ನಾನು!

ಆ ತಿಂಗಳೇ ಮಗ್ಗ ನಿಂತವು. ಹೊಟ್ಟೆಪಾಡಿಗೆ ನಾನೂ ಕಂಪನಿಗೆ ಹೋದೆ, ಉಣ್ಣೆಯಲ್ಲಿನ ಮುಳ್ಳು ಆರಿಸಲು. ಮಾವನೂ ಒಂದು ದಿನ ಗೇಟಿನ ಮುಂದೆ ನಿಂತಿದ್ದರು, ವಯಸ್ಸಾಯಿತೆಂದು ಒಳಗೆ ಬಿಡಲಿಲ್ಲ. ನಾನು ತಲೆ ಬಗ್ಗಿಸಿ ಒಳಗೆ ನಡೆದೆ. ಯುದ್ಧ ಮುಗಿಯಿತು, ಕಂಪನಿ ಯಂತ್ರ ಕಿತ್ತುಕೊಂಡು ಹೋಯಿತು. ಅಷ್ಟರಲ್ಲಿ ಮಾವ ತೀರಿಕೊಂಡು ವರ್ಷವಾಗಿತ್ತು. ಅವರ ತಮ್ಮನ ಮಗ ಹಳೆಯ ಮಗ್ಗದ ಮುಂದೆ ಕೂತು ನೋಡಿದ. ಕೈ ಏಳಲಿಲ್ಲ.

ಆ ಸಂತೆಯ ಕಂಬಳಿ ನನ್ನ ಪೆಟ್ಟಿಗೆಯ ತಳದಲ್ಲೇ ಇದೆ. ಮೊನ್ನೆ ಹೊರಗೆ ತೆಗೆದೆ. ಮಗ, ಸೊಸೆ, ಮೊಮ್ಮಕ್ಕಳಿಬ್ಬರು, ಒಬ್ಬೊಬ್ಬರ ಕೈಗೆ ಒಂದೊಂದು ಮೂಲೆ ಕೊಟ್ಟೆ. ಅಜ್ಜಿಗೆ ಅರಳುಮರಳು ಎಂದು ಮಕ್ಕಳು ನಕ್ಕರು. ಒಂದು ಚೊಂಬು ನೀರು ಸುರಿದು ಕೆಳಗೆ ಕೂತೆ. ಉಸಿರು ಬಿಡುವಷ್ಟರಲ್ಲಿ ಹನಿ ನೆತ್ತಿಯ ಮೇಲೆ ಬಿತ್ತು. ಇಷ್ಟೇ ಹೊತ್ತಿನ ಕೆಲಸವಾಗಿತ್ತು, ಅಂದು ನಮ್ಮ ಹಿತ್ತಲಿನಲ್ಲಿ… ಏಳಜ್ಜಿ, ನೆನೆಯುತ್ತೀಯ ಎಂದಳು ಮೊಮ್ಮಗಳು. ಚೊಂಬಿನ ನೀರೆಲ್ಲ ಇಳಿಯುವವರೆಗೆ ನಾನು ಏಳಲಿಲ್ಲ.