ಹುರಿಹಿಟ್ಟಿನ ಹಕಾರ

ನನಗೆ ಕನ್ನಡ ಬರುತ್ತದೆ. ಹಕಾರ ಮಾತ್ರ ಕೈಕೊಡುತ್ತದೆ. ಮನೆಮಾತು ಕನ್ನಡವಾದರೂ ಓದಿದ್ದೆಲ್ಲ ತಮಿಳಿನಲ್ಲಿ. ತಮಿಳು ಸೀಮೆಯ ಗಡಿಯೂರು ಅವಲಪಲ್ಲಿಯ ನಮ್ಮ ಮನೆಯಲ್ಲಿ ಹಾಲು ಆಲು, ಹಸು ಅಸು, ಹಿಟ್ಟು ಇಟ್ಟು. ಕನ್ನಡ ಅಕ್ಷರಗಳನ್ನು ನಾನು ಕಲಿತದ್ದು ಜೂಜುವಾಡಿ ಗಡಿ ದಾಟಿ ಬರುವ ಬಸ್ಸುಗಳ ಬೋರ್ಡು ನೋಡಿಕೊಂಡು.

ಇಂಥವನ ಕೈಗೆ ಅಣ್ಣನ ಮಗಳು ಮಂಜುಳಾ ಒಂದು ಕೆಲಸ ಕೊಟ್ಟಳು. ಅವಳೂ ನೆರೆಯ ಹೆಂಗಸರೂ ಸೇರಿ ರಾಗಿ ಹುರಿಹಿಟ್ಟು ಮಾಡಿ ಮಾರುತ್ತಾರೆ. ಪೊಟ್ಟಣದ ಮೇಲೆ ನಮ್ಮ ಹೊಲದ ಬದುವಿನ, ಹಳಗನ್ನಡ ಬರಹವಿರುವ ವೀರಗಲ್ಲಿನ ಚಿತ್ರ. ಕೆಳಗೆ ತಮಿಳು, ಇಂಗ್ಲಿಷಿನಲ್ಲಿ 'ಸಾವಿರ ವರ್ಷದ ಪರಂಪರೆ'. ಆ ವೀರ ಹುರಿಹಿಟ್ಟು ತಿಂದೇ ದನ ಬಿಡಿಸಲು ಹೋದನೆಂದು ಯಾರೂ ಹೇಳಿಲ್ಲ, ತಿಂದಿರಲಿಲ್ಲವೆಂದೂ ಹೇಳಿಲ್ಲ. ವ್ಯಾಪಾರಕ್ಕೆ ಅಷ್ಟು ಸಾಕು. ಕನ್ನಡದಲ್ಲೂ ಹೆಸರಿರಲಿ ಎಂದು ಹಟ ಹಿಡಿದವನು ನಾನು. ಬರೆದೂ ಕೊಟ್ಟೆ. ಹಿಟ್ಟಿಗೆ ಹಕಾರ ಹಾಕಿದ ಹೆಮ್ಮೆಯಲ್ಲಿ ಹುರಿಯನ್ನು ಮರೆತೆ. ಅಚ್ಚಾಗಿ ಬಂದದ್ದು 'ಉರಿಹಿಟ್ಟು'.

ಅತ್ತಿಬೆಲೆಯ ಟೀಚರೊಬ್ಬರು ಪೊಟ್ಟಣ ತಿರುಗಿಸಿ ನೋಡಿ, "ತಿಂದ್ರೆ ಹೊಟ್ಟೆ ಉರಿಯುತ್ತೇನಮ್ಮ?" ಎಂದು ಕೇಳಿದರಂತೆ.

ಮಂಜುಳಾ ನಗಲಿಲ್ಲ. "ಚಿಕ್ಕಪ್ಪ, ಮುಂದಿನ್ ಸಲ ಕನ್ನಡ ತೆಗ್ದುಬುಡಾನ. ಇಲ್ಲಿ ಓದೋರು ಯಾರವ್ರೆ?" ಎಂದಳು. ಅಚ್ಚಿನಲ್ಲಿ ಬಂದ ನನ್ನ ಒಂದೇ ಒಂದು ಕನ್ನಡ ಪದ, ಅದೂ ತಪ್ಪು. ಹೊಟ್ಟೆ ಉರಿದದ್ದು ನನಗೇ.

ಸಮಾಧಾನಕ್ಕೆಂದು ತಿಳಿದವರೊಬ್ಬರನ್ನು ಕೇಳಿದೆ. ಆ ಕಲ್ಲಿನ ಕಾಲದಲ್ಲಿ ಹುರಿ ಎನ್ನುವುದು ಪುರಿ ಆಗಿತ್ತಂತೆ, ಹಿಟ್ಟು ಪಿಟ್ಟು. ಕಲ್ಲಿನ ಕಾಲದವರು ಪ ಎಂದರು, ಪುಸ್ತಕದವರು ಹ ಎಂದರು, ನಾವು ಅದನ್ನೂ ನುಂಗಿದೆವು. ನಮ್ಮ ಮಕ್ಕಳ ಬಾಯಲ್ಲಿ ಇನ್ನೆಷ್ಟು ಉಳಿದೀತೋ ಎಂದು ನೆನೆದರೆ ಸಂಕಟವಾಗುತ್ತದೆ. ಆ ಕಲ್ಲಿನ ಮುಂದೆ ನಿಂತು ಅಕ್ಷರ ಕೂಡಿಸಿ ಓದಬೇಕೆಂಬ ಆಸೆ ನನಗೆ ಚಿಕ್ಕಂದಿನಿಂದ ಇದೆ. ಇವತ್ತಿಗೂ ಒಂದಕ್ಷರ ದಕ್ಕಿಲ್ಲ.

ಆ ಕಲ್ಲಿಗೆ ಸೋಮವಾರ ತಪ್ಪದೆ ಅರಿಸಿನ ಹಚ್ಚುವವಳು ನನ್ನ ದೊಡ್ಡವ್ವ. ಅವಳು ಯಾವ ಭಾಷೆಯನ್ನೂ ಓದಲಾರಳು. ಅವತ್ತು ಮೊರದಲ್ಲಿ ರಾಗಿ ಕೇರುತ್ತ ನಮ್ಮ ಮಾತು ಕೇಳುತ್ತಿದ್ದವಳು ಮಂಜುಳಾಗೆ, "ಆ ಕಲ್ನೂ ಯಾರೂ ಓದಾಕಿಲ್ವಲ್ಲಮ್ಮಿ. ಅಂಗಂತ ಕಿತ್ತಾಕುದ್ವಾ?" ಎಂದಳು.

ಈಗ ಹೊಸ ಪೊಟ್ಟಣ ಬಂದಿದೆ. ಕನ್ನಡವಿದೆ, ಹಕಾರವೂ ಇದೆ. ಉಸಿರೆಳೆದು, ಎರಡೂ ಹಕಾರ ಒತ್ತಿ ದೊಡ್ಡವ್ವನಿಗೆ ಓದಿ ಹೇಳಿದೆ. ಅವಳು ಕಿವಿಗೊಟ್ಟು ಕೇಳಿ, "ಚೆಂದಾಗೈತೆ ಕಣ್ಲಾ. ಅಂಗಂದ್ರೇನ್ಲಾ?" ಎಂದಳು.

"ಉರಿಟ್ಟು ಕಣ್ ದೊಡ್ಡವ್ವ," ಎಂದೆ.