ಅತ್ತೆಯ ಹೆಬ್ಬೆರಳಿಗೆ ಓಡಿಬಂದ ಟೆಂಪೊಗಳು

ಮತ್ತಿಗಿರಿಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯೇ ನಮ್ಮ ಕಚೇರಿ. ಕೆಳಗೆ ಬನ್ನು ಬೇಯುವ ಹೊತ್ತಿಗೆ ಮೇಲೆ ಯಾರಿಗೂ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ರೈತರು ಹೊಲದಿಂದ ಮಂಡಿಗೆ ತರಕಾರಿ ಸಾಗಿಸಲು ಟೆಂಪೊ ಕರೆಸಿಕೊಳ್ಳುವ ಸಾಫ್ಟ್‌ವೇರ್ ಒಂದನ್ನು ನಾವು ಮಾಡುತ್ತಿದ್ದೆವು. ಪರದೆಯ ಮೇಲೆ ಯಾವುದು ಎಲ್ಲಿರಬೇಕು ಎಂದು ವಿನ್ಯಾಸ ಮಾಡುವುದು ನನ್ನ ಪಾಲಿನ ಕೆಲಸ. ಮೊದಲ ಸಲ ಅದನ್ನು ನಮ್ಮ ದೊಡ್ಡ ಮಾನಿಟರ್‌ಗೆ ತಕ್ಕ ಹಾಗೆ ಮಾಡಿದ್ದೆ. ಎಡಕ್ಕೆ ನಕ್ಷೆ, ಬಲಕ್ಕೆ ಮಂಡಿಯ ದರ, ಮೇಲೆ ಹವಾಮಾನ, ನಡುವೆ ಓಡಾಡುವ ಪುಟಾಣಿ ಟೆಂಪೊಗಳು. ನೋಡಿದವರೆಲ್ಲ ಮೆಚ್ಚಿದರು. ನೋಡಿದವರೆಂದರೆ ನಾವೇ.

ನಮ್ಮ ಮಾಲೀಕರು ಅದನ್ನು ತೋರಿಸಲು ಸೂಳಗಿರಿ ಕಡೆಯ ಹೊಲಗಳಿಗೆ ಹೋದರು. ಅಲ್ಲಿ ಯಾರ ಬಳಿಯೂ ಕಂಪ್ಯೂಟರ್ ಇರಲಿಲ್ಲ, ಎಲ್ಲರ ಜೇಬಿನಲ್ಲೂ ಫೋನಿತ್ತು. ಫೋನಿನಲ್ಲಿ ತೆರೆದರೆ ನಮ್ಮ ಅಷ್ಟೂ ವೈಭವ ಕುಗ್ಗಿ ಕೂತಿತ್ತು. ಬೀನ್ಸ್ ಕೀಳುತ್ತಿದ್ದವರೊಬ್ಬರು ಕಣ್ಣು ಕಿರಿದು ಮಾಡಿ, "ಇದೇನ್ ಸಾ, ಇರುವೆ ಸಾಲು ಬಿಟ್ಟಂಗೈತೆ!" ಅಂದರಂತೆ.

ಮಾಲೀಕರು ವಾಪಸ್ ಬಂದವರು ಹೆಲ್ಮೆಟ್ಟನ್ನೂ ತೆಗೆಯದೆ ಘೋಷಿಸಿದರು: "ಇನ್ ಮ್ಯಾಲೆ ಮೊದ್ಲು ಮೊಬೈಲು. ಮೊಬೈಲ್‌ನಾಗೆ ಹಿಡೀದೇ ಇರೋದು ನಮ್ಗೆ ಬ್ಯಾಡ್ವೇ ಬ್ಯಾಡ."

ಅಂಗೈಯಗಲದ ಜಾಗಕ್ಕೆ ಆಮೇಲೆ ನಡೆದ ಜಗಳ ಬೆಳಗಿನ ಬಸ್ಸಿನ ಸೀಟಿಗೂ ನಡೆಯದು. ನಕ್ಷೆ ಮಾಡಿದವನಿಗೆ ನಕ್ಷೆ ಇರಲೇಬೇಕು. ದರದ ಪಟ್ಟಿ ಮಾಡಿದವಳಿಗೆ ಅದಿಲ್ಲದಿದ್ದರೆ ಊಟ ಸೇರದು. ಮಾಲೀಕರಿಗೆ ತಮ್ಮ ಲಾಂಛನ ಇನ್ನೂ ಸ್ವಲ್ಪ ದೊಡ್ಡದಿರಲಿ ಎಂಬ ಆಸೆ. ಕೊನೆಗೆ ಎಲ್ಲರ ಮುನಿಸನ್ನೂ ಕಟ್ಟಿಕೊಂಡು ನಾನು ಮೂರೇ ಪ್ರಶ್ನೆ ಉಳಿಸಿದೆ: ಎಲ್ಲಿಂದ, ಎಲ್ಲಿಗೆ, ಯಾವಾಗ. ಒಮ್ಮೆ ತುಂಬಿದರೆ ಸಾಕು, ಅದು ನೆನಪಿಟ್ಟುಕೊಳ್ಳುತ್ತಿತ್ತು. ಕೆಳಗೆ, ಹೆಬ್ಬೆರಳು ತಾನಾಗಿ ಹೋಗಿ ಕೂರುವ ಜಾಗದಲ್ಲಿ, ದೊಡ್ಡದೊಂದು ಹಸಿರು ಗುಂಡಿ: 'ಗಾಡಿ ಕರೆಯಿರಿ'. ಒತ್ತಿದರೆ ಟಿಂಗ್ ಎಂಬ ಸದ್ದು.

ಪರೀಕ್ಷೆ ಮಾಡಿಸಲು ನನಗೆ ಅತ್ತೆಗಿಂತ ಒಳ್ಳೆಯವರು ಸಿಗುತ್ತಿರಲಿಲ್ಲ. ಫೋನಿನಲ್ಲಿ ಸೀರಿಯಲ್ ನೋಡುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಭಾನುವಾರ ಬೆಳಿಗ್ಗೆ ಗಂಡ ಫ್ಯಾಕ್ಟರಿಯ ಶಿಫ್ಟಿಗೆ ಹೋದ ಮೇಲೆ, ಅವಲಪಲ್ಲಿಯ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ಕೂತಿದ್ದ ಅವರ ಕೈಗೆ ನಮ್ಮ ಆ್ಯಪ್ ತೆರೆದು ಕೊಟ್ಟೆ. ಎಲ್ಲಿಂದ ಎಂಬಲ್ಲಿ ನಮ್ಮ ಮನೆ, ಯಾವಾಗ ಎಂಬಲ್ಲಿ ಈಗಲೇ ಎಂದು ನಾನೇ ತುಂಬಿದೆ; ಎಲ್ಲಿಗೆ ಎಂಬಲ್ಲಿ ಅವರು ಸೂಳಗಿರಿ ಕಡೆಯ ತಮ್ಮ ಅಕ್ಕನ ಊರು ಹಾಕಿದರು.

"ಅದೆಲ್ಲ ಉತ್ತುತ್ತಿಗೆ ಅತ್ತೆ, ಗಾಡಿ ಗೀಡಿ ಬರಲ್ಲ. ಸುಮ್ಮನೆ ಒತ್ತಿ ನೋಡಿ," ಅಂದು ಬಟ್ಟೆ ಒಗೆಯಲು ಹಿತ್ತಲಿಗೆ ಹೋದೆ.

ಉತ್ತುತ್ತಿಗೆ, ಅಂದರೆ ಬರೀ ಹುಸಿ ಆಟಕ್ಕೆ ಎಂದೇ ನಾನೂ ನಂಬಿದ್ದೆ. ಆದರೆ ಪರೀಕ್ಷೆಗೆಂದು ಇಟ್ಟಿದ್ದ ಸುಳ್ಳು ಗಾಡಿಗಳನ್ನು ತೆಗೆದು, ನಕ್ಷೆಯ ಮಹಾಶಯ ಹಿಂದಿನ ದಿನವೇ ನಿಜವಾದ ಟೆಂಪೊ ಚಾಲಕರನ್ನು ಜೋಡಿಸಿದ್ದ. ಇನ್ನೂ ಮುನಿಸಿನಲ್ಲಿದ್ದುದರಿಂದ ನನಗೆ ಹೇಳಿರಲಿಲ್ಲ.

ಒಗೆಯುತ್ತಿದ್ದಾಗ ಜಗಲಿಯಿಂದ ಟಿಂಗ್ ಎಂಬುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಿಂಗ್. ಅತ್ತೆ ಪರದೆಯನ್ನು ಮೇಲೆ ಸರಿಸಲು ಹೋದಾಗೆಲ್ಲ ಹೆಬ್ಬೆರಳು ಗುಂಡಿಯ ಮೇಲೇ ಬೀಳುತ್ತಿದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಬೀದಿಯಲ್ಲಿ ಹಾರನ್ ಕೇಳಿಸಿತು. ಸೋಪಿನ ಕೈಯಲ್ಲೇ ಓಡಿಬಂದು ನೋಡಿದರೆ ಬಾಗಿಲಲ್ಲಿ ಒಂದು ಟೆಂಪೊ. ಅದರ ಹಿಂದೆ ಇನ್ನೊಂದು. ತಿರುವಿನಲ್ಲಿ ಮೂರನೆಯದು, ಹಾಲಿನವನ ಗಾಡಿಯ ಜೊತೆ ಜಾಗಕ್ಕಾಗಿ ವಾದ ಮಾಡುತ್ತಿತ್ತು.

"ಲೋಡ್ ಎಲ್ಲೈತಮ್ಮ?" ಮುಂದಿದ್ದ ಗಾಡಿಯ ಚಾಲಕ ಕೇಳಿದ.

ಅತ್ತೆ ನನ್ನತ್ತ ತಿರುಗಿದರು. "ಬರಲ್ಲ ಅಂದ್ಯಲ್ಲಮ್ಮಿ? ಎಷ್ಟ್ ಚೆನ್ನಾಗ್ ಬಂದವ್ರೆ ನೋಡು!"

ಅಷ್ಟರಲ್ಲಿ ಮೇಲಿನ ಮನೆಯಿಂದ ಮನೆ ಒಡೆಯರು ಲುಂಗಿ ಎತ್ತಿ ಕಟ್ಟುತ್ತ ಇಳಿದು ಬಂದರು. ಮೂರು ಟೆಂಪೊಗಳನ್ನು ಕಂಡು ಅವರ ಮುಖ ಕೆಂಪಗಾಯಿತು. "ಎನ್ನಮ್ಮಾ ಇದು?" ಎಂದು ತಮಿಳಿನಲ್ಲಿ ಶುರು ಮಾಡಿ, ನಮಗೆ ನಾಟಲಿ ಎಂದೋ ಏನೋ ಕನ್ನಡಕ್ಕೆ ಬಂದರು. "ಹೇಳ್ದೆ ಕೇಳ್ದೆ ಮನೆ ಖಾಲಿ ಮಾಡ್ತೀರಾ? ಅದೂ ಮೂರು ಗಾಡೀಲಿ? ನಂದೂ ಏನಾದ್ರೂ ತುಂಬ್ತಿದೀರಾ?"

ಇದು ಸಾಫ್ಟ್‌ವೇರ್ ಪರೀಕ್ಷೆ ಎಂದು ವಿವರಿಸಿದೆ. ಅವರು ಒಳಗೆ ಹೋಗಿ ಫ್ಯಾನುಗಳಿವೆಯೇ ಎಂದು ನೋಡಿ ಬಂದ ಮೇಲೇ ನಂಬಿದರು.

ನಮ್ಮ ಕಚೇರಿಯ ಮಾಲೀಕರಿಗೆ ಫೋನ್ ಮಾಡಿದೆ. ಅವರು ಬೈಕಿನಲ್ಲಿ ಧಾವಿಸಿ ಬಂದು, ಚಾಲಕರ ಕೈಕಾಲು ಹಿಡಿಯುವಂತೆ ಸಮಾಧಾನ ಮಾಡುತ್ತಿದ್ದಾಗ ಅತ್ತೆ ಎಲ್ಲರಿಗೂ ಕಾಫಿ ತಂದರು. ಲೋಟ ಕೊಡುತ್ತ ಮೊದಲನೇ ಚಾಲಕನಿಗೆ, "ಬಂದಿದ್ದು ಬಂದ್ಬುಟ್ರಿ. ಹಿತ್ಲಾಗೆ ಒಂದ್ ರುಬ್ಬೋ ಗುಂಡೈತೆ. ಅಕ್ಕನ ಮನೆಗೆ ಕಳ್ಸು ಅಂತ ಮಗನ್ಗೆ ಹೇಳಿ ಹೇಳಿ ಸಾಕಾಗೈತೆ. ಒಂಚೂರು ಕೈ ಹಾಕ್ರಪ್ಪ," ಅಂದರು.

ಮೂವರು ಚಾಲಕರೂ, ಮಾಲೀಕರೂ, ಕೊನೆಗೆ ಮನೆ ಒಡೆಯರೂ ಸೇರಿ ಏದುಸಿರು ಬಿಡುತ್ತ ಒರಳಿನ ಸಮೇತ ಆ ರುಬ್ಬುಗುಂಡನ್ನು ಟೆಂಪೊಗೆ ಏರಿಸಿದರು. ಅತ್ತೆ ಸೀರೆ ಬದಲಿಸಿ ಬಂದು ಮುಂದಿನ ಸೀಟಿನಲ್ಲಿ ಕೂತು, "ಬತ್ತೀನಿ ಕಣಮ್ಮಿ, ಸಾರು ಒಲೆ ಮ್ಯಾಲೈತೆ," ಎಂದು ಹೊರಟೇಬಿಟ್ಟರು. ನಮ್ಮ ಆ್ಯಪ್‌ನಿಂದ ಹೋದ ಮೊದಲ ಸವಾರಿ ಅದು. ಮಾಲೀಕರು ಬೆವರೊರೆಸಿಕೊಳ್ಳುತ್ತಲೇ ಅದರ ಫೋಟೊ ತೆಗೆದರು.

ಮಧ್ಯಾಹ್ನ ಗಂಡ ಬಂದು, "ಅಮ್ಮ ಎಲ್ಲಿ?" ಅಂದರು. ಟೆಂಪೊದಲ್ಲಿ ಹೋದರು ಅಂದೆ. ರುಬ್ಬುಗುಂಡಿನ ವಿಷಯ ಕೇಳಿದ ಮೇಲೆ ಅವರು ಕೈ ತೊಳೆದು ಊಟಕ್ಕೆ ಕೂತರು.

ಮರುದಿನ ಗುಂಡಿಯನ್ನು ಸ್ವಲ್ಪ ಮೇಲಕ್ಕೆ ಏರಿಸಿ, 'ನಿಜವಾಗಿಯೂ ಗಾಡಿ ಬೇಕೇ?' ಎಂದು ಕೇಳುವ ಹಾಗೆ ಮಾಡಿದೆವು. ನಕ್ಷೆಯ ಮಹಾಶಯ ಅದನ್ನು ಎರಡು ಸಲ ಕೇಳಿಸೋಣ ಅಂದ. ಅಷ್ಟರಲ್ಲಿ ಅತ್ತೆ ತಮ್ಮ ಅಕ್ಕನ ಮನೆಯವರಿಗೂ ಅಕ್ಕಪಕ್ಕದ ಹೊಲದವರಿಗೂ ಆ್ಯಪ್ ಹಾಕಿಸಿಕೊಟ್ಟಿದ್ದರು. ವಾರದೊಳಗೆ ಆ ಕಡೆಯಿಂದ ಟೊಮೇಟೊ ಕ್ರೇಟುಗಳು ಹೊರಡತೊಡಗಿದವು.

ಅತ್ತೆ ಹಿಂತಿರುಗಿದ್ದು ಮಾತ್ರ ಬಸ್ಸಿನಲ್ಲಿ, ನಿಂತುಕೊಂಡೇ. ಬಾಗಿಲಲ್ಲಿ ಚೀಲ ಇಳಿಸಿ ನನ್ನನ್ನು ನೋಡಿ, "ನಿನ್ ಮೊಬೈಲ್‌ನಾಗೆ ಹೋಗಾಕ್ ಮಾತ್ರ ದಾರಿ ಮಡಗಿದ್ದೀಯ, ಬರಾಕೆ ಇಲ್ವಲ್ಲಮ್ಮಿ!" ಅಂದರು.

ಮರಳುವ ಗಾಡಿಯ ವಿಚಾರ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮಾರನೆಯ ದಿನ ಪರದೆಯ ಮೇಲೆ ಅದಕ್ಕೊಂದು ಜಾಗ ಹುಡುಕಲು ಕೂತೆವು. ಜಗಳ ಮತ್ತೆ ಶುರುವಾಯಿತು.