ಕೇಳದೆ ಕೊಟ್ಟ ಮೂವತ್ತು

ಪ್ರೊಫೆಸರ್ ಬ್ರಂದಾನಿ ಫೋನಿನಿಂದ ತಲೆಯೆತ್ತಿ, "ಓ, ನೀನಾ ಒರ್ನೆಲ್ಲಾ" ಎಂದರು. "ನಿನ್ನನ್ನೇನು ಕೇಳೋದು ಬಿಡು. ನೀನು ಮನೆಯವಳೇ ಅಲ್ವಾ."

ಪಕ್ಕದಲ್ಲಿದ್ದ ಕಿರಿಯ ಪರೀಕ್ಷಕಿ ಮಿಲ್ವಿಯಾಳ ಕಡೆ ತಿರುಗಿ, "ಮೂವತ್ತು ಬರ್ಕೊ. ವಿಶೇಷ ಪ್ರಶಂಸೆನೂ ಸೇರಿಸು" ಎಂದರು.

ಮೂವತ್ತಕ್ಕೆ ಮೂವತ್ತು. ಒರ್ನೆಲ್ಲಾ ಕುರ್ಚಿಯಲ್ಲಿ ಇನ್ನೂ ಸರಿಯಾಗಿ ಕೂತಿರಲಿಲ್ಲ.

"ನಾನೊಂದು ವರದಿ ಕೊಟ್ಟಿದ್ದೆ, ಪ್ರೊಫೆಸರೇ."

"ನೋಡಿದೆ, ನೋಡಿದೆ. ಒಳ್ಳೇ ದಪ್ಪ ಇದೆ. ಹೋಗ್ತಾ ಎರಡನೇ ಮಹಡಿ ಪ್ರಿಂಟರ್ ಒಂಚೂರು ನೋಡ್ಬಿಡು. ಬೆಳಿಗ್ಗೆಯಿಂದ ಕಾಗದ ಅಗೀತಾ ಇದೆ."

ಅವಳು ಹೋಗಿ ಪ್ರಿಂಟರ್ ಬಿಚ್ಚಿದಳು. ಅದರ ಹೊಟ್ಟೆಯೊಳಗಿಂದ ಎಳೆದು ತೆಗೆದದ್ದು ಹೊಣೆಗಾರ ಕಂಪ್ಯೂಟರ್ ಶಿಕ್ಷಣದ ಘೋಷಣಾಪತ್ರದ ಮೂರನೆಯ ಪುಟ. ಯಂತ್ರಕ್ಕೂ ಅದು ಜೀರ್ಣವಾಗಿರಲಿಲ್ಲ.

ಕಾಸ್ತೆಲ್ಮಾರ್ನೊ ಬೆಟ್ಟದ ಮೇಲಿನ ಊರು. ಅಲ್ಲಿಯ ಸಣ್ಣ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗ ಇರುವುದು ಹಳೆಯ ಸನ್ಯಾಸಿನಿಯರ ಮಠದಲ್ಲಿ. ಅವರ ಅಡುಗೆಮನೆಯೇ ಈಗಿನ ಪ್ರಯೋಗಾಲಯ. ಒರ್ನೆಲ್ಲಾ ಫ್ರತ್ತಾರೆಲ್ಲಿ ಇಪ್ಪತ್ತೆರಡು ವರ್ಷದಿಂದ ಅಲ್ಲಿಯ ತಂತ್ರಜ್ಞೆ. ತಂತಿ ಎಳೆಯುವವಳು, ಕೆಟ್ಟ ಯಂತ್ರ ಎಬ್ಬಿಸುವವಳು, ಅಳುತ್ತ ಬರುವ ಮೊದಲ ವರ್ಷದ ಮಕ್ಕಳಿಗೆ ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿದೆ ಎಂದು ತೋರಿಸುವವಳು. ಆ ಮಕ್ಕಳು ಮೂರು ವರ್ಷಕ್ಕೆ ಪದವಿ ಪಡೆದು ತಲೆಗೆ ಎಲೆಯ ಕಿರೀಟ ಹಾಕಿಕೊಂಡ ದಿನದಿಂದ ಎಲ್ಲರ ಬಾಯಲ್ಲೂ ಪದವೀಧರರಿಗೆ ಸಲ್ಲುವ ಮರ್ಯಾದೆಯ 'ದೊತ್ತೋರೆ', 'ನೀವು'. ಅವಳು ಮಾತ್ರ ಎಲ್ಲರಿಗೂ 'ಒರ್ನೆಲ್ಲಾ', 'ನೀನು'.

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಅವಳೇ ಕೆಲಸದ ಜೊತೆಗೆ ಓದಲು ಹೆಸರು ಬರೆಸಿದಳು. ಗಣಿತದಲ್ಲಿ ಮೂರು ಸಲ ಬಿದ್ದಳು. ನಾಲ್ಕನೆಯ ಸಲ ಗಣಿತದ ಮುದಿ ಉಪಾಧ್ಯಾಯಿನಿ ಐವತ್ತು ನಿಮಿಷ ಹಿಂಡಿ, ಹದಿನೆಂಟು ಕೊಟ್ಟರು. ಹದಿನೆಂಟೆಂದರೆ ತೇರ್ಗಡೆಯ ಹೊಸ್ತಿಲು. ಒರ್ನೆಲ್ಲಾ ಮರುದಿನ ಒಂದು ತಟ್ಟೆ ಕೆನೆ ತುಂಬಿದ ಸಿಹಿ ತಂದು, ಮೂರು ಸಲ ಬೀಳಿಸಿದ ಕೈಗೇ ಮೊದಲ ತುಂಡು ಕೊಟ್ಟಳು. ಆ ಹದಿನೆಂಟನ್ನು ಅವಳಿಂದ ಯಾರೂ ಕಿತ್ತುಕೊಳ್ಳುವಂತಿರಲಿಲ್ಲ.

ಈಗ ಐವತ್ತೊಂದು. ಪ್ರಯೋಗಾಲಯದ ಮುಖ್ಯಸ್ಥರ ಹುದ್ದೆ ಖಾಲಿಯಾಗಿತ್ತು, ಅದಕ್ಕೆ ಪದವಿ ಬೇಕು, ಅರ್ಜಿಗೆ ಜುಲೈ ಇಪ್ಪತ್ತು ಕೊನೆ. ಅವಳಿಗೆ ಉಳಿದಿದ್ದುದು ಇದೊಂದೇ ಪರೀಕ್ಷೆ. ಈ ಸಲ ತಪ್ಪಿದರೆ ಮುಂದಿನದು ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಹೊರಗಿನಿಂದ ಯಾರೋ ಬಂದು ಆ ಕುರ್ಚಿಯಲ್ಲಿ ಕೂತು, ಅವಳಿಂದಲೇ ಬೀಗದ ಕೈ ಕೇಳುತ್ತಿದ್ದರು.

ಆ ದೇಶದಲ್ಲಿ ಅಂಕ ಕೊಡುವುದು ಉಪಾಧ್ಯಾಯರ ಕೆಲಸವಾದರೆ, ತೆಗೆದುಕೊಳ್ಳುವುದು ಬಿಡುವುದು ವಿದ್ಯಾರ್ಥಿಯ ಹಕ್ಕು. ಅಂಕ ಕಂಪ್ಯೂಟರಿಗೆ ಏರಿದ ಮೇಲೆ ಐದು ದಿನ ಸಮಯ. ಬೇಡವೆಂದರೆ ಬೇಡ, ಸುಮ್ಮನಿದ್ದರೆ ಒಪ್ಪಿದಂತೆ. ಹತ್ತೊಂಬತ್ತು ಬಂದವರು, ಇಪ್ಪತ್ತು ಬಂದವರು ಬೇಡವೆನ್ನುವುದುಂಟು. ಮೂವತ್ತನ್ನು ತಿರಸ್ಕರಿಸಿದವರನ್ನು ಯಾರೂ ಕಂಡಿರಲಿಲ್ಲ.

ಆ ಪಠ್ಯದ ಹೆಸರು 'ಕಂಪ್ಯೂಟರ್ ವಿಜ್ಞಾನ ಮತ್ತು ಸಾಮಾಜಿಕ ಹೊಣೆ'. ಹದಿನಾಲ್ಕು ದೇಶಗಳ ವಿಶ್ವವಿದ್ಯಾಲಯಗಳು ಒಕ್ಕೂಟ ಕಟ್ಟಿಕೊಂಡು, ಏಳು ತತ್ವಗಳ ಆ ಘೋಷಣಾಪತ್ರವನ್ನು ಹೊರಡಿಸಿ, ಈ ಪಠ್ಯವನ್ನು ರೂಪಿಸಿದ್ದವು. ಅದನ್ನು ಕಲಿಸಿ ಕನಿಷ್ಠ ಹನ್ನೆರಡು ಜನರನ್ನು ತೇರ್ಗಡೆ ಮಾಡಿದ ವಿಭಾಗಕ್ಕೆ ಬಾಗಿಲಿಗೆ ತೂಗುಹಾಕುವ ಒಂದು ಫಲಕ. ಬ್ರಂದಾನಿಯವರಿಗೆ ಆ ಫಲಕದ ಮೇಲೆ ಪ್ರಾಣ. ಹನ್ನೆರಡು ಉಪನ್ಯಾಸಗಳಲ್ಲಿ ಐದು ನಡೆಯಲಿಲ್ಲ, ಏಕೆಂದರೆ ಅವರು ಗ್ರಾತ್ಸ್‌ನಲ್ಲೋ ತಾಲಿನ್‌ನಲ್ಲೋ ಹೊಣೆಗಾರಿಕೆಯ ಬಗ್ಗೆ ಮಾತಾಡುತ್ತಿದ್ದರು. ಹೋದ ಊರಿನಿಂದೆಲ್ಲ ಒಂದೊಂದು ಬಟ್ಟೆಚೀಲ ತರುತ್ತಿದ್ದರು. ಅವರ ಕೋಣೆಯ ಮೊಳೆಗಳಿಗೆ ನೇತುಬಿದ್ದ ಆ ಚೀಲಗಳಲ್ಲಿ ಒಂದರಲ್ಲೂ ಏನೂ ಇರಲಿಲ್ಲ.

ವಿದ್ಯಾರ್ಥಿಗಳು ಸಮಾಜಕ್ಕೆ ಇಳಿಯಬೇಕೆಂಬ ನಿಯಮವಿತ್ತು. ಹನ್ನೆರಡು ಜನ ಒಂದು ಗುರುವಾರ ಒಂದೇ ಬಣ್ಣದ ಅಂಗಿ ತೊಟ್ಟು ಊರ ಆರೋಗ್ಯ ಕಚೇರಿಗೆ ಇಳಿದರು. ಅಲ್ಲಿ ವೈದ್ಯರ ಸಮಯ ಗೊತ್ತುಮಾಡಿಕೊಳ್ಳುವ ಯಂತ್ರವೊಂದಿದೆ. ಅದು ಬಂದಮೇಲೆ ಮನುಷ್ಯರು ಕೂರುತ್ತಿದ್ದ ಕಿಟಕಿಯನ್ನು ಮುಚ್ಚಿದ್ದರು. ಹುಡುಗರು ಮುದುಕರ ಬೆರಳು ಹಿಡಿದು ಪರದೆಗೆ ತಾಗಿಸಿ ಫೋಟೋ ತೆಗೆಸಿಕೊಂಡರು. ಊಟದ ಹೊತ್ತಾಯಿತೆಂದು ಐವತ್ತು ನಿಮಿಷಕ್ಕೆ ಏರಿ ಹೋದರು.

"ನನ್ನ ಕೈ ಮಾತ್ರ ಬಂದಿದೆ ಫೋಟೋದಲ್ಲಿ" ಎಂದ ಎರ್ಮೀನ್ಯೊ. ಎಪ್ಪತ್ತೊಂಬತ್ತರ ಅವನು ಕಣಿವೆಯ ಬಸ್ಸಿನ ಚಾಲಕನಾಗಿದ್ದವನು. "ತಲೆ ಬಂದಿಲ್ಲ. ತಲೆ ಇರೋರನ್ನ ಕಂಡ್ರೆ ಇವ್ರಿಗೆ ಆಗಲ್ಲ ಅನ್ಸುತ್ತೆ."

ಹನ್ನೆರಡರಲ್ಲಿ ಒಬ್ಬಳು ಮುಂದಿನ ಗುರುವಾರವೂ ಬಂದಳು. ಹನ್ನೊಂದು ಗುರುವಾರ ಒರ್ನೆಲ್ಲಾ ಆ ಯಂತ್ರದ ಪಕ್ಕ ಮಡಿಸುವ ಕುರ್ಚಿ ಹಾಕಿಕೊಂಡು ಕೂತಳು. ಗುರುತಿನ ಚೀಟಿಯ ಹದಿನಾರು ಅಕ್ಷರ ಒತ್ತಬೇಕು, ವೈದ್ಯರನ್ನು ಆರಿಸಬೇಕು, ದಿನ ಆರಿಸಬೇಕು. ಅರವತ್ತು ಸೆಕೆಂಡು ಕಳೆದರೆ 'ಅವಧಿ ಮುಗಿಯಿತು, ಧನ್ಯವಾದ' ಎಂದು ಪರದೆ ಮತ್ತೆ ಮೊದಲಿಗೆ ಹೋಗುತ್ತದೆ. ನಡುಗುವ ಬೆರಳು ಒಂಬತ್ತನೆಯ ಅಕ್ಷರದ ಮೇಲೆ ನಿಂತಿರುವಾಗ ಬರುವ ಆ ಧನ್ಯವಾದದಷ್ಟು ಕೊಳಕು ಬೈಗುಳವನ್ನು ಅವಳು ಕೇಳಿರಲಿಲ್ಲ.

"ನಲವತ್ತು ವರ್ಷ ಬಸ್ ಓಡಿಸ್ದೆ" ಎಂದಿದ್ದ ಎರ್ಮೀನ್ಯೊ. "ಮುದುಕಿ ಎರಡನೇ ಕಾಲು ಒಳಗಿಡೋವರೆಗೂ ಬಾಗಿಲು ಮುಚ್ಚಿದವನಲ್ಲ. ಇದಕ್ಕೆ ಲೈಸೆನ್ಸ್ ಕೊಟ್ಟೋನು ಯಾವನು?"

ಒರ್ನೆಲ್ಲಾ ತಲೆ ತಗ್ಗಿಸಿ, ಯಂತ್ರ ಅರ್ಧಕ್ಕೇ ಹೊರಗೆ ಹಾಕಿದವರ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಗೀಟು ಹಾಕಿದಳು. ಯಂತ್ರವನ್ನು ಕಟ್ಟಿದ್ದು ಬ್ರಂದಾನಿಯವರ ತಂಡ. ನಾಲ್ಕು ವರ್ಷದ ಹಿಂದೆ ಆ ಪ್ರಯೋಗಾಲಯದಲ್ಲಿ ಅರವತ್ತು ಎಂಬ ಸಂಖ್ಯೆಯನ್ನು ಒತ್ತಿದ ಬೆರಳು ಅವಳದೇ. "ಎಷ್ಟು ಹಾಕ್ಲಿ?" ಎಂದು ಅವಳು ಕೇಳಿದ್ದಳು. "ಅರವತ್ತು ಸಾಕು, ಹುಡುಗ್ರು ಮೂವತ್ತೈದರಲ್ಲೇ ಮುಗಿಸ್ತಾರೆ" ಎಂದಿದ್ದರು ಅವರು. ಒಂದು ಮಾತೂ ಆಡದೆ ಒತ್ತಿದ್ದಳು. ಈಗ ಆ ಯಂತ್ರ ಕಚೇರಿಯವರ ಕೈಯಲ್ಲಿದೆ. ಅವಳು ಬರೆದ ಎರಡು ಪತ್ರಕ್ಕೆ ಉತ್ತರವಿಲ್ಲ. ಇದನ್ನೆಲ್ಲ ವರದಿಯಲ್ಲಿ ಬರೆದಿದ್ದಳು, ತನ್ನ ಬೆರಳನ್ನೂ ಬಿಡದೆ. ಅದನ್ನು ಕೇಳಲಿ, ಬಯ್ಯಲಿ, ಬೇಕಾದರೆ ಬೀಳಿಸಲಿ ಎಂದು ಸಿದ್ಧಳಾಗಿ ಹೋಗಿದ್ದಳು. ಅವರು ಪ್ರಿಂಟರ್ ನೋಡಲು ಹೇಳಿದರು.

ಸೋಮವಾರ, ಮಂಗಳವಾರ ಅವಳು ಆ ಮೂವತ್ತನ್ನು ಪರದೆಯ ಮೇಲೆ ತೆರೆದು ತೆರೆದು ನೋಡಿದಳು. ಹನ್ನೆರಡು ಜನ ಬೇಕೆಂಬ ಲೆಕ್ಕ ಅವಳಿಗೆ ಗೊತ್ತಿತ್ತು. ಹನ್ನೆರಡನೆಯ ಹೆಸರನ್ನು ಪ್ರೊಫೆಸರರು ಎಲ್ಲಿಂದಾದರೂ ಹುಟ್ಟಿಸಬಲ್ಲರೆಂಬುದೂ ಗೊತ್ತಿತ್ತು. ಸುಮ್ಮನಿದ್ದರೆ ಪದವಿ, ಹುದ್ದೆ, 'ನೀವು'. ಸುಮ್ಮನಿರುವುದು ಅವಳಿಗೆ ಹೊಸದೇನಲ್ಲ. ಅರವತ್ತು ಒತ್ತಿದ ದಿನವೂ ಸುಮ್ಮನೇ ಇದ್ದಳಲ್ಲ.

ಬುಧವಾರ ಹತ್ತೂವರೆಗೆ 'ತಿರಸ್ಕರಿಸಿದೆ' ಎಂಬುದನ್ನು ಒತ್ತಿದಳು. ಖಚಿತವೇ ಎಂದು ಕಂಪ್ಯೂಟರ್ ಕೇಳಿತು. ಅದಾದರೂ ಕೇಳಿತಲ್ಲ ಎಂದುಕೊಂಡಳು.

ಹತ್ತು ನಿಮಿಷದಲ್ಲಿ ಫೋನು.

"ಒರ್ನೆಲ್ಲಾ, ಏನೋ ತಪ್ಪಿ ಒತ್ತಿಬಿಟ್ಟಿದ್ದೀಯ ನೋಡು."

"ತಪ್ಪಿ ಒತ್ತಿಲ್ಲ, ಪ್ರೊಫೆಸರೇ."

"ಮೂವತ್ತನ್ನ ಬೇಡ ಅಂತಾರೇನಮ್ಮಾ? ಬುದ್ಧಿ ನೆಟ್ಟಗಿದೆಯಾ?"

"ನೀವು ನನ್ನ ಪರೀಕ್ಷೆನೇ ಮಾಡಿಲ್ಲ. ಮಾಡಿ. ಎಷ್ಟು ಬರುತ್ತೋ ಬರ್ಲಿ."

"ಹಾಗಾ. ಸರಿ, ಸೆಪ್ಟೆಂಬರ್‌ಗೆ ಬಾ. ಆಮೇಲೆ ಅಳಬೇಡ."

ಫೋನು ಇಟ್ಟ ಸದ್ದಾಯಿತು. ಅವಳು ಅಂಗಳಕ್ಕೆ ಬಂದು ಮಠದ ಹಳೆಯ ಬಾವಿಯ ಕಟ್ಟೆಯ ಮೇಲೆ ಕೂತಳು. ಬಿಸಿಲಿಗೆ ಕಲ್ಲು ಕಾದಿತ್ತು. ಏಳು ವರ್ಷದ ಓದು ಹತ್ತು ನಿಮಿಷದಲ್ಲಿ ಹೋಯಿತು ಎನ್ನಿಸಿತು. ಗೊಂಚಲಿನಲ್ಲಿ ಪ್ರಯೋಗಾಲಯದ ಬೀಗದ ಕೈ ಹುಡುಕಿದರೆ ಎರಡು ಸಲ ಬೇರೆಯದೇ ಬೆರಳಿಗೆ ಸಿಕ್ಕಿತು. ಈಗ ಆ ಯಂತ್ರದ ಮುಂದೆ ನಿಂತರೆ ತನ್ನನ್ನೂ ಅದು ಹೊರಗೆ ಹಾಕೀತು ಎಂದುಕೊಂಡಳು.

ಮಧ್ಯಾಹ್ನ ಮಿಲ್ವಿಯಾ ಬಂದಳು. ಮೂವತ್ತು ದಾಟದ ಹುಡುಗಿ. ಅವಳ ಒಪ್ಪಂದವನ್ನು ವರ್ಷ ವರ್ಷ ಬ್ರಂದಾನಿಯವರೇ ಮುಂದುವರಿಸಬೇಕು. ಅದಕ್ಕೇ ಅವಳು ಅವರೆದುರು ಉಸಿರನ್ನೂ ಕೇಳಿಯೇ ಬಿಡುತ್ತಿದ್ದಳು.

"ಶುಕ್ರವಾರ ಹತ್ತು ಗಂಟೆಗೆ ವಿಶೇಷ ಪರೀಕ್ಷೆ" ಎಂದಳು. "ಹನ್ನೊಂದೇ ಜನ ಆಗ್ತಾರೆ ಅಂತ ಪ್ರೊಫೆಸರ್‌ಗೆ ಲೆಕ್ಕ ತೋರಿಸ್ದೆ. ಫಲಕಕ್ಕೆ ದಾಖಲೆ ನೋಡೋಕೆ ಒಕ್ಕೂಟದೋರು ಸೋಮವಾರ ಬರ್ತಿದ್ದಾರಲ್ಲ. ಹೊಸಬರು ಯಾರನ್ನಾದ್ರೂ ಸೇರಿಸು ಅಂದ್ರು. ಹೆಸರುಪಟ್ಟಿ ಏಪ್ರಿಲ್‌ನಲ್ಲೇ ಹೋಗಿದೆ, ಆಗಲ್ಲ ಅಂದೆ."

"ಬಯ್ದ್ರಾ?"

"ನನ್ನನ್ನಲ್ಲ. ಪಟ್ಟಿನ."

ಪರೀಕ್ಷೆ ಬಾಗಿಲು ತೆರೆದೇ ನಡೆಯಬೇಕು, ಯಾರು ಬೇಕಾದರೂ ಬಂದು ಕೂತು ಕೇಳಬಹುದು, ದಿನ ಮತ್ತು ಕೋಣೆಯ ಚೀಟಿಯನ್ನು ಮುಂಬಾಗಿಲಿಗೆ ಅಂಟಿಸಬೇಕು. ಅಂಟಿಸುವ ಕೆಲಸ ತಂತ್ರಜ್ಞೆಯದು. ಒರ್ನೆಲ್ಲಾ ಅಂಟಿಸಿದಳು. ಇನ್ನೊಂದು ಪ್ರತಿಯನ್ನು ಗುರುವಾರ ಆರೋಗ್ಯ ಕಚೇರಿಯಲ್ಲಿ ಯಂತ್ರದ ಪಕ್ಕ ಅಂಟಿಸಿದಳು.

ಶುಕ್ರವಾರ ಹಿಂದಿನ ಬೆಂಚಿನಲ್ಲಿ ಐದು ಜನ ಮುದುಕರು ಕೂತಿದ್ದರು. ಬ್ರಂದಾನಿ ಅವರನ್ನು ಕಂಡು ಮುಖ ಸಿಂಡರಿಸಿದರು.

"ಇವರೆಲ್ಲ ಯಾರು?"

"ಸಮಾಜ" ಎಂದ ಎರ್ಮೀನ್ಯೊ. "ನೀವು ಇಳಿದು ಬರೋದು ತಡ ಆಯ್ತು. ಅದಕ್ಕೆ ನಾವೇ ಹತ್ತಿ ಬಂದ್ವಿ."

ಬ್ರಂದಾನಿ ಕಾಗದ ಸರಿಸಿದರು. "ಘೋಷಣಾಪತ್ರದ ಏಳು ತತ್ವಗಳನ್ನು ಹೇಳಿ." ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರು ಅವಳಿಗೆ ನೀವು ಎಂದದ್ದು, ಕೋಪಕ್ಕೆ.

ಅವಳು ಐದು ಹೇಳಿದಳು. ಉಳಿದ ಎರಡು ನೆನಪಾಗಲಿಲ್ಲ. ಪಾರದರ್ಶಕತೆಯನ್ನು ಎರಡು ಸಲ ಹೇಳಿದಳೆಂದೂ ತಿಳಿಯಿತು.

"ಏಳು ತತ್ವ ಬರಲ್ಲ, ಮೂವತ್ತು ಬೇಡ ಅಂತೀರಿ" ಎಂದು ಬ್ರಂದಾನಿ ಪೆನ್ನು ಮುಚ್ಚಿದರು. "ಸಾಕಲ್ಲ?"

"ನಂದೊಂದು ಪ್ರಶ್ನೆ ಇದೆ" ಎಂದಳು ಮಿಲ್ವಿಯಾ. ಅವಳ ಕತ್ತು ಕೆಂಪಾಗಿತ್ತು. ಕಣ್ಣು ಮೇಜಿನ ಮೇಲಿನ ದಪ್ಪ ವರದಿಯ ಮೇಲೆ. "ಯಂತ್ರದ ಅರವತ್ತು ಸೆಕೆಂಡು ಅಂತ ಬರೆದಿದ್ದೀರ. ಅದು ಸಾಕಾಗುತ್ತಾ? ಅದನ್ನ ಯಾರು ಇಟ್ಟಿದ್ದು, ಯಾಕೆ?"

ಒರ್ನೆಲ್ಲಾ ಹೇಳಿದಳು. ಹನ್ನೊಂದು ಗುರುವಾರ, ಇನ್ನೂರ ಹದಿನಾಲ್ಕು ಜನ. ಅವರಲ್ಲಿ ನೂರ ಮೂವತ್ತೊಂದು ಜನರನ್ನು ಯಂತ್ರ ಅರ್ಧಕ್ಕೇ ಹೊರಗೆ ಹಾಕಿತು. ಎಪ್ಪತ್ತು ದಾಟಿದವರಿಗೆ ಬೇಕಾಗುವುದು ಎರಡು ನಿಮಿಷ ನಲವತ್ತು ಸೆಕೆಂಡು. ಯಂತ್ರ ಇಡುವ ಮುಂಚೆ ಅದನ್ನು ಒಬ್ಬ ಮುದುಕನ ಕೈಗೂ ಕೊಟ್ಟು ನೋಡಿರಲಿಲ್ಲ. ಇಪ್ಪತ್ತು ವರ್ಷದ ಹುಡುಗರ ಕೈಗೆ ಕೊಟ್ಟಿದ್ದರು.

"ಅರವತ್ತು ಒತ್ತಿದ್ದು ನಾನು" ಎಂದಳು. "ಪ್ರೊಫೆಸರ್ ಬ್ರಂದಾನಿ ಹೇಳಿದ್ರು, ನಾನು ಒತ್ತಿದೆ. ಕಮ್ಮಿ ಆಗುತ್ತೆ ಅಂತ ಅವತ್ತೇ ಅನ್ನಿಸಿತ್ತು. ನಮ್ಮಮ್ಮನ ಕೈ ನೆನಪಾಗಿತ್ತು. ಆದ್ರೂ ಬಾಯಿ ಬಿಡಲಿಲ್ಲ."

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

"ಆ ಲೈಸೆನ್ಸ್ ಕೊಟ್ಟೋಳು ನೀನಾ?" ಎಂದ ಎರ್ಮೀನ್ಯೊ.

"ಹೂಂ, ನಾನೇ."

"ಹನ್ನೊಂದು ವಾರ ಪಕ್ಕದಲ್ಲೇ ಕೂತು ನನ್ನ ಬಾಯಲ್ಲಿ ಬೈಸ್ಕೊಂಡೆಯಲ್ಲೇ, ಮಹಾತಾಯಿ." ಅವನ ದನಿಯಲ್ಲಿ ನಗುವಿರಲಿಲ್ಲ. ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಒರ್ನೆಲ್ಲಾ ಇದಕ್ಕೂ ಸಿದ್ಧಳಾಗಿ ಬಂದಿದ್ದಳು, ಆದರೂ ಚುಚ್ಚಿತು.

"ಸಾರ್ವಜನಿಕರು ಮಾತಾಡಬಾರದು" ಎಂದರು ಬ್ರಂದಾನಿ. ಆಮೇಲೆ ಸ್ವಲ್ಪ ಹೊತ್ತು ಪೆನ್ನನ್ನು ತಿರುಗಿಸಿದರು. ಬೀಳಿಸಿದರೆ ಫಲಕ ಹೋಗುತ್ತದೆ, ಮೂವತ್ತು ಕೊಟ್ಟರೆ ಮಾನ ಹೋಗುತ್ತದೆ. "ತತ್ವಗಳು ಬರಲಿಲ್ಲ. ಇಪ್ಪತ್ನಾಲ್ಕು" ಎಂದರು. ಅಂದಮೇಲೆ ಅವರಿಗೇ ಅಳುಕು ಹುಟ್ಟಿತು. ಇವಳು ಇದನ್ನೂ ಬೇಡವೆಂದರೆ? "ಒಪ್ಪಿಗೆನಾ?"

ಏಳು ತತ್ವಗಳನ್ನು ಹೊತ್ತು ಹದಿನಾಲ್ಕು ದೇಶ ಸುತ್ತಿದ ಮನುಷ್ಯ ತನ್ನ ತುಟಿಯನ್ನೇ ನೋಡುತ್ತಿರುವುದನ್ನು ಅವಳು ಒಂದು ಗಳಿಗೆ ಹಾಗೇ ಬಿಟ್ಟಳು.

"ಒಪ್ಪಿದೆ" ಎಂದಳು.

"ಮೂವತ್ತು ಬಿಟ್ಟು ಇಪ್ಪತ್ನಾಲ್ಕಕ್ಕೆ ಒಪ್ಪೋ ಇವಳನ್ನ ಸಂತೆಗೆ ಮಾತ್ರ ಕಳಿಸ್ಬೇಡಿ" ಎಂದ ಎರ್ಮೀನ್ಯೊ, ಕಿಟಕಿಯ ಕಡೆಗೇ ನೋಡುತ್ತ.

ಮಿಲ್ವಿಯಾ ದಾಖಲೆ ತುಂಬತೊಡಗಿದಳು. ಅಂಕದ ಕೆಳಗೆ, ಕೇಳಿದ ಪ್ರಶ್ನೆಗಳನ್ನು ಬರೆಯುವ ಜಾಗವಿತ್ತು. ಸೋಮವಾರ ಬರುವವರು ಹನ್ನೆರಡು ದಾಖಲೆಗಳನ್ನೂ ಓದುತ್ತಾರೆ.

"ತತ್ವಗಳು ಅಂತ ಹಾಕು, ಸಾಕು" ಎಂದರು ಬ್ರಂದಾನಿ.

"ಕೇಳಿದ್ದನ್ನೆಲ್ಲ ಬರೀಬೇಕು, ಪ್ರೊಫೆಸರೇ" ಎಂದು ಮಿಲ್ವಿಯಾ ಬೆರಳು ನಿಲ್ಲಿಸದೆ ಹೇಳಿದಳು. ಒತ್ತುತ್ತ ಒತ್ತುತ್ತ ಮೆಲ್ಲನೆ ಓದಿದಳು: "ಯಂತ್ರದಲ್ಲಿ ಅರವತ್ತು ಸೆಕೆಂಡನ್ನು ಇಟ್ಟವರು ಯಾರು, ಏಕೆ. ಇಷ್ಟು ಸಾಕಾ, ಒರ್ನೆಲ್ಲಾ?"

"ಉತ್ತರನೂ ಹಾಕು" ಎಂದಳು ಒರ್ನೆಲ್ಲಾ, ಮೇಜಿನ ಕಡೆ ಕುರ್ಚಿ ಎಳೆದುಕೊಂಡು. "ಎರಡು ಹೆಸರು. ಮೊದಲು ನಂದು ಬರಿ."